ಬ್ಯಾರನ್ ಬಾಗಿಲ ಮಜ್ಜಿಗೆ ಗಡಿಗೆ

ನಾನು ಹುಟ್ಟಿ ಬೆಳೆದ ಮನೆಗಿಂತ ಅದರ ಪಕ್ಕದ ಬ್ಯಾರನ್ ಎತ್ತರವಾಗಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬಿಟ್ಟು ನಮ್ಮೂರಿನ ಕಡೆ ನಡೆದು ಬರುವವರಿಗೆ ಮೊದಲು ಕಾಣುತ್ತಿದ್ದುದು ಅದರ ತಗಡಿನ ತಲೆ, ಆಮೇಲೆ ನಮ್ಮ ಮನೆ. ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಕಟ್ಟಡಕ್ಕೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ನಾಲ್ಕು ಮಣ್ಣಿನ ಗೋಡೆ, ತಗ್ಗಾದ ಒಂದು ಬಾಗಿಲು, ಹೊರಗಿನಿಂದ ಸೌದೆ ತುಂಬುವ ಒಲೆ. ಒಲೆಯ ಶಾಖ ಒಳಗಿನ ತಗಡಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಮೇಲೆ ಸಾಲುಸಾಲಾಗಿ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದ ಹಸಿರೆಲೆ ದಿನಗಟ್ಟಲೆ ಬೆಂದು ಬಾಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ಸಲ ಒಲೆ ಹಚ್ಚಿದರೆ ಸೊಪ್ಪು ಇಳಿಯುವವರೆಗೆ ಬೆಂಕಿ ಆರುವಂತಿಲ್ಲ, ಹೆಚ್ಚುವಂತಿಲ್ಲ. ಇಳಿದ ಕೂಡಲೇ ಹೊಲದಲ್ಲಿ ಹಣ್ಣಾದ ಮುಂದಿನ ಎಲೆ ಕಾದಿರುತ್ತಿತ್ತು. ಮಳೆಗಾಲ ಹಿಡಿದಾಗಿನಿಂದ ಸುಗ್ಗಿಯ ತನಕ ನಮ್ಮ ಮನೆಯ ಮಾತೆಲ್ಲ ಬ್ಯಾರನ್ ಮುಗಿಯುವುದನ್ನು ಕಾಯುತ್ತಿತ್ತು. ಅಡಿಗೆಮನೆಯ ಹಂಚು ಸೋರಿದರೂ ಬ್ಯಾರನ್ ಮುಗೀಲಿ, ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತೇವೆಂದರೂ ಬ್ಯಾರನ್ ಮುಗೀಲಿ, ನನ್ನ ಕಿವಿಯಿಂದ ಕೀವು ಬಂದರೂ ಬ್ಯಾರನ್ ಮುಗೀಲಿ. ಆ ಕಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ.

ಬ್ಯಾರನ್ನಿನ ಬಾಗಿಲ ಪಕ್ಕ ನೆರಳಿನಲ್ಲಿ ಒಂದು ಮಜ್ಜಿಗೆ ಗಡಿಗೆ ಇರುತ್ತಿತ್ತು. ಬಿಸಿಯಾರದ ಬ್ಯಾರನ್ನಿಗೆ ಇಳಿದವರು, ಸೊಪ್ಪು ಏರಿಸಿ ಬಂದವರು, ಯಾರೇ ಆಗಲಿ ಹೊರಗೆ ಬಂದೊಡನೆ ಒಂದು ಚೊಂಬು ಉಪ್ಪು ಮಜ್ಜಿಗೆ ಕುಡಿಯಬೇಕು. ಬೆವರಿನ ಜೊತೆ ಮೈಯ ಉಪ್ಪು ಹೋಗುತ್ತದೆ, ಕುಡಿಯದಿದ್ದರೆ ಕಣ್ಣುಕತ್ತಲೆ ಬಂದು ಬೀಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಕಾರಣವೂ ಇತ್ತು. ಬೆಳಗಿನ ಇಬ್ಬನಿಯಲ್ಲಿ ನೆನೆದ ಹಸಿ ಎಲೆ ಮುರಿಯುವವರಿಗೆ ಅದರ ರಸ ಮೈಗೆ ಇಳಿದು ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಅದಕ್ಕೆ ಸೊಪ್ಪು ತಲೆಗೆ ಹತ್ತಿದೆ ಅನ್ನುತ್ತಿದ್ದರು. ಅದಕ್ಕೂ ಅದೇ ಮದ್ದು, ಉಪ್ಪು ಮಜ್ಜಿಗೆ. ಆದ್ದರಿಂದ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ತಲೆ ಸುತ್ತಿದರೂ ಯಾರೂ ಗಾಬರಿಯಾಗುತ್ತಿರಲಿಲ್ಲ, ಯಾಕೆ ಎಂದು ಕೇಳುತ್ತಲೂ ಇರಲಿಲ್ಲ. ಗಡಿಗೆ ತುಂಬುವುದು, ಕಲ್ಲುಪ್ಪು ಕರಗುವವರೆಗೆ ಕೈಯಾಡಿಸುವುದು, ಬಂದವರಿಗೆ ಚೊಂಬು ಕೊಡುವುದು ನನ್ನ ಕೆಲಸ. ಸ್ಕೂಲಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಮತ್ತೊಂದು ಸಲ. ಮಜ್ಜಿಗೆ ಚೆನ್ನಾಗಿ ಉಪ್ಪುಪ್ಪಾಗಿದ್ದರೆ ಕೂಲಿಯವರು ತುಟಿ ಒರೆಸಿಕೊಂಡು ನನ್ನ ತಲೆ ಸವರುತ್ತಿದ್ದರು. ಆ ಹೊಗಳಿಕೆಗೆ ನಾನು ದಿನಾ ಒಂದಿಷ್ಟು ಉಪ್ಪು ಹೆಚ್ಚೇ ಹಾಕುತ್ತಿದ್ದೆ.

ಒಳಗೆ ಅಡಿಗೆಮನೆಯಲ್ಲೂ ನಮ್ಮದು ಉಪ್ಪಿನ ಮನೆಯೇ. ಮಧ್ಯಾಹ್ನ ಮುದ್ದೆ ಮತ್ತು ಉಪ್ಪೆಸರು, ಜೊತೆಗೆ ರುಬ್ಬಿದ ಖಾರ. ಸಂಜೆ ಅದೇ ಸಾರು ಕುದಿದು ಕುದಿದು ಇನ್ನಷ್ಟು ಉಪ್ಪಾಗಿರುತ್ತಿತ್ತು. ಹುಣಸೂರು ಸಂತೆಯಿಂದ ತಂದ ಒಣಮೀನನ್ನು ಕೆಂಡದ ಮೇಲೆ ಸುಟ್ಟರೆ ಎರಡು ಮುದ್ದೆ ಹೆಚ್ಚು ಇಳಿಯುತ್ತಿತ್ತು. ಅಪ್ಪ ನಡುಮನೆಯ ಕಂಬಕ್ಕೆ ಒರಗಿ ಊಟಕ್ಕೆ ಕೂರುತ್ತಿದ್ದ. ಅವನು ಕುಳಿತನೆಂದರೆ ಮನೆಯ ಮಾತು ನಿಲ್ಲುತ್ತಿತ್ತು. ಅಪ್ಪನ ಕೋಪ ಊರಿಗೇ ಗೊತ್ತಿದ್ದ ಕೋಪ. ಎತ್ತಿನ ಹಗ್ಗ ಸಡಿಲವಾಗಿದ್ದರೂ ಬೈಯುತ್ತಿದ್ದ, ಬಿಗಿಯಾಗಿದ್ದರೂ ಬೈಯುತ್ತಿದ್ದ. ಬೈಯುವಾಗ ಕತ್ತಿನ ನರ ಉಬ್ಬಿ ಮುಖ ಕೆಂಪಾಗುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ನಮ್ಮ ಮನೆ ಗಂಡಸರ ರಕ್ತವೇ ಬಿಸಿ ಎನ್ನುತ್ತಿದ್ದಳು. ಅವ್ವ ಎಲ್ಲರಿಗೂ ಬಡಿಸಿ, ಬ್ಯಾರನ್ ಒಲೆಗೆ ಸೌದೆ ತಳ್ಳಿ ಬಂದು, ಕೊನೆಗೆ ಪಾತ್ರೆಯ ತಳದ ಸಾರಿಗೆ ಮುದ್ದೆ ಅದ್ದಿಕೊಂಡು ನಿಂತೇ ನುಂಗುತ್ತಿದ್ದಳು. ಸಾರು ಮುಗಿದಿದ್ದರೆ ಉಪ್ಪಿನಕಾಯಿಯ ರಸ. ಊಟವಾದ ಮೇಲೆ ಎಲೆಯಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪು ದವಡೆಗಿಟ್ಟುಕೊಳ್ಳುತ್ತಿದ್ದಳು. ಅದೊಂದೇ ಅವಳಿಗಿದ್ದ ಸುಖ. ಬೆಂಕಿ ಕಾಯುವ ದಿನಗಳಲ್ಲಿ ನಿದ್ದೆ ತಡೆಯಲು ಅದೇ ಆಸರೆಯಾಗಿತ್ತು. ಅವಳು ಗಟ್ಟಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಏನು ಹೇಳಿದರೂ ಅವಳ ಉತ್ತರ ಒಂದೇ, ಆಯ್ತು.

ಒಂದು ದಿನ ಬ್ಯಾರನ್ನಿನಿಂದ ಹೊರಬಂದ ಅಪ್ಪನ ಮೂಗಿನಿಂದ ರಕ್ತ ಸುರಿಯಿತು. ಅಂಗಿಯ ಮುಂಭಾಗವೆಲ್ಲ ನೆನೆಯಿತು. ಅಜ್ಜಿ ಎದೆ ಬಡಿದುಕೊಂಡಳು. ಅಪ್ಪನನ್ನು ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದು ಬಸ್ಸು ಹತ್ತಿಸಿ ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಅವ್ವ ಮತ್ತು ನಾನು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಉಂಡೆ ಅದುಮಿದರು. ಗಾಜಿನ ಕೊಳವೆಯಲ್ಲಿ ಪಾದರಸ ಏರಿ ಇಳಿಯಿತು. ಬಿಪಿ ಸ್ವಲ್ಪ ಜಾಸ್ತಿ ಇದೆ ಎಂದರು. ಆ ಮಾತು ನಮ್ಮ ಮನೆಗೆ ಬಂದದ್ದು ಅಂದೇ ಮೊದಲು. ಆಮೇಲೆ ಅವರು ಒಂದೊಂದಾಗಿ ಕೇಳಿದರು. ಊಟದಲ್ಲಿ ಉಪ್ಪು ಹೆಚ್ಚೋ, ಹೊಗೆಸೊಪ್ಪಿನ ಅಭ್ಯಾಸ ಇದೆಯೋ, ನಿದ್ದೆ ಸರಿಯಾಗಿ ಆಗುತ್ತದೋ, ಮನಸ್ಸಿಗೆ ಯೋಚನೆ ಹೆಚ್ಚೋ, ಹೆತ್ತವರಲ್ಲಿ ಯಾರಿಗಾದರೂ ಈ ಕಾಯಿಲೆಯಿಂದ ಲಕ್ವ ಹೊಡೆದಿತ್ತೋ. ಎಲ್ಲಕ್ಕೂ ಉತ್ತರ ಹೇಳಿದವಳು ಗೋಡೆಗೆ ಒರಗಿ ನಿಂತಿದ್ದ ಅವ್ವ. ಉಪ್ಪು ಜಾಸ್ತಿ ಸ್ವಾಮಿ, ಬೀಡಿ ಸೇದ್ತಾರೆ, ನಿದ್ದೆ ಇಲ್ಲ, ಕ್ವಾಪ ಬಾಳ. ಲಕ್ವದ ಮಾತು ಬಂದಾಗ ಮಾತ್ರ ಅವರ ಕಡೆ ಯಾರಿಗೂ ಇಲ್ಲ ಎಂದಳು. ಕೆ.ಆರ್. ನಗರದ ಹತ್ತಿರ ಅವಳ ತೌರಿನಲ್ಲಿ ಅವಳ ತಾಯಿ ಒಂದು ಕೈ, ಒಂದು ಕಾಲು ಬಿದ್ದುಹೋಗಿ ಮಲಗಿದಲ್ಲೇ ತೀರಿಕೊಂಡಿದ್ದಳು. ಗದ್ದೆ ಬದುವಿನ ಆ ಮನೆಗೆ ನಾನೂ ಹೋಗಿದ್ದೆ, ಆ ಅಜ್ಜಿಯ ಸೊಟ್ಟ ಬಾಯಿ ನೋಡಿ ಹೆದರಿ ಅತ್ತಿದ್ದೆ. ಆದರೆ ಡಾಕ್ಟರು ಕೇಳುತ್ತಿದ್ದುದು ಅಪ್ಪನ ಬಗ್ಗೆ. ಅವ್ವನಿಗೂ ಹಾಗೇ ಅನ್ನಿಸಿತು, ನನಗೂ ಹಾಗೇ ಅನ್ನಿಸಿತು. ಆ ಪ್ರಶ್ನೆಗಳೆಲ್ಲ ಗೋಡೆಗೆ ಒರಗಿದ್ದವಳಿಗೇ ಹೆಚ್ಚು ಸಲ್ಲುತ್ತವೆ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಉಪ್ಪು ಕಮ್ಮಿ ಮಾಡಿ, ಬೀಡಿ ಬಿಡಿ, ಸಿಟ್ಟು ಮಾಡಿಕೊಳ್ಳಬೇಡಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು.

ಅಂದಿನಿಂದ ಬಿಪಿ ನಮ್ಮ ಮನೆಯ ಯಜಮಾನನಾಯಿತು. ಊರಿನಲ್ಲಿ ಅಲ್ಲಿಯವರೆಗೆ ಯಾರಿಗೂ ಇಲ್ಲದ ಕಾಯಿಲೆ ಅಪ್ಪನಿಗೆ ಬಂದಿತ್ತು. ಜಗಲಿಯಲ್ಲಿ ಕುಳಿತು ಬಂದವರಿಗೆಲ್ಲ ತೋಳು ತೋರಿಸಿ, ಪಾದರಸ ಹೇಗೆ ಏರಿತು ಎಂದು ವರ್ಣಿಸುತ್ತಿದ್ದ. ಜಗಳದ ನಡುವೆ ತಾನು ಸೋಲುವಂತಾದರೆ ಎದೆ ಹಿಡಿದುಕೊಂಡು ನನ್ನ ಬಿಪಿ ಏರಿಸಬೇಡಿ ಎನ್ನುತ್ತಿದ್ದ. ಎದುರಿನವರು ತೆಪ್ಪಗಾಗುತ್ತಿದ್ದರು. ವೀರನಹೊಸಹಳ್ಳಿ ಕಡೆಯ ಗಿರಿಜನರ ಹಾಡಿಯಿಂದ ಪ್ರತಿ ವರ್ಷ ಸೊಪ್ಪು ಕಟ್ಟಲು ಬರುತ್ತಿದ್ದ ಬೊಮ್ಮಿ ಎಂಬ ಹೆಂಗಸು ಅವ್ವನ ಜೊತೆಗಾತಿ. ಬ್ಯಾರನ್ ಮುಂದಿನ ಚಪ್ಪರದ ಕೆಳಗೆ ಕಡ್ಡಿಗೆ ಎಲೆ ಕಟ್ಟುತ್ತ ಅವಳು ಮೆಲ್ಲಗೆ ಹೇಳುತ್ತಿದ್ದಳು:

"ಅಕ್ಕಯ್ಯ, ಗೌಡ್ರ ಬೀಪಿಗೆ ಬೆಳಗಾಗೆದ್ರೆ ಬೀಡಿ ಬೇಕಂತೆ, ಸಂಜಿಕೆ ಒಣಮೀನು ಬೇಕಂತೆ. ನಮ್ಗೂ ಒಂದ್ ಕೊಡ್ಸು ಅಂತ ಬೀಪಿಯಾ."

ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವಳು ನಗುತ್ತಿದ್ದುದನ್ನು ನಾನು ನೋಡಿದ್ದು ಆ ಚಪ್ಪರದ ಕೆಳಗೆ ಮಾತ್ರ. ನಗುವಾಗಲೂ ಒಂದು ಕೈ ಹಣೆಯ ಮೇಲೆ ಇರುತ್ತಿತ್ತು. ಬಟ್ಟೆಯನ್ನು ಹಣೆಗೆ ಬಿಗಿಯಾಗಿ ಕಟ್ಟಿಕೊಂಡೇ ಅವಳು ಕೆಲಸ ಮಾಡುತ್ತಿದ್ದಳು. ಒಲೆಯ ಹೊಗೆಗೆ ತಲೆನೋವು ಎಂದು ಅವಳೂ ಹೇಳುತ್ತಿದ್ದಳು, ನಾವೂ ನಂಬಿದ್ದೆವು.

ಅಪ್ಪನಿಗೆಂದು ಬೇರೆ ಒಂದು ಸಣ್ಣ ಕುಡಿಕೆಯಲ್ಲಿ ಉಪ್ಪಿಲ್ಲದ ಸಾರು ಕುದಿಯತೊಡಗಿತು. ಮೊದಲ ದಿನ ಅಪ್ಪ ಒಂದು ತುತ್ತು ಬಾಯಿಗಿಟ್ಟು, ಸುಮ್ಮನೆ ಅವ್ವನ ಮುಖ ನೋಡಿದ. ಎರಡನೆಯ ದಿನ ತಟ್ಟೆ ತಳ್ಳಿದ. ಮೂರನೆಯ ದಿನ ತಟ್ಟೆ ಗೋಡೆಗೆ ಬಡಿದು, ಸಾರು ಅಜ್ಜಿಯ ಸೀರೆಯ ಮೇಲೂ ಚೆಲ್ಲಿತು. ಮನೆಯಲ್ಲಿ ಒಂದು ದೊಡ್ಡ ಪ್ರಶ್ನೆ ಎದ್ದಿತು. ಉಪ್ಪು ಹಾಕಿದರೆ ಬಿಪಿ ಏರುತ್ತದೆ. ಹಾಕದಿದ್ದರೆ ಕೋಪ ಬರುತ್ತದೆ, ಕೋಪಕ್ಕೂ ಬಿಪಿ ಏರುತ್ತದೆ. ಎರಡರಲ್ಲಿ ಯಾವುದು ಕೆಟ್ಟದ್ದು? ಅಜ್ಜಿ ಕುಳಿತು ಯೋಚಿಸಿ ತೀರ್ಪು ಕೊಟ್ಟಳು:

"ಉಪ್ಪಾದ್ರೂ ಒಟ್ಟೇಲಿರ್ತದೆ. ಕ್ವಾಪ ತಲೆಗೋಯ್ತದೆ. ಉಪ್ಪಾಕವ್ವ ಅವನ್ಗೆ."

ಅವ್ವ ಆಯ್ತು ಎಂದಳು. ಕುಡಿಕೆ ಅಟ್ಟಕ್ಕೆ ಹೋಯಿತು. ಅಪ್ಪನನ್ನು ಸಿಟ್ಟಾಗಿಸದೆ ಇರುವುದೇ ಅಪ್ಪನ ಔಷಧವಾಯಿತು. ಅದಕ್ಕಾಗಿ ಅಪ್ಪ ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಅವ್ವನ ಪಾಲಿಗೆ ಬಂದವು; ಅಕ್ಕ ಆ ಹೊತ್ತಿಗೆ ಮದುವೆಯಾಗಿ ಹೋಗಿದ್ದಳು. ಬಿಸಿ ಬ್ಯಾರನ್ನಿಗೆ ಇಳಿದು ಎಲೆಯ ಹದ ನೋಡುವುದು, ಒಲೆಗೆ ದಿಮ್ಮಿ ಹೊತ್ತು ತರುವುದು, ಕೂಲಿಯವರನ್ನು ಕರೆಯಲು ಹೋಗುವುದು, ಅವರ ಮಾತು ಕೇಳಿಸಿಕೊಳ್ಳುವುದು. ಶಾಖಕ್ಕೆ ಹೋದರೆ ಮತ್ತೆ ಮೂಗಿನಲ್ಲಿ ರಕ್ತ ಬಂದೀತೆಂದು ಅಪ್ಪ ಹುಣಸೆಮರದ ಕೆಳಗೆ ಹಗ್ಗದ ಮಂಚ ಹಾಕಿಸಿಕೊಂಡು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ನನಗೆ ಇದು ಅನ್ಯಾಯ ಎನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಆ ವರ್ಷ ನಾನು ಸುಖವಾಗಿದ್ದೆ. ಅಪ್ಪ ಹೊಡೆಯುತ್ತಿರಲಿಲ್ಲ. ಊಟದ ಹೊತ್ತಿಗೆ ತಟ್ಟೆ ಹಾರುತ್ತಿರಲಿಲ್ಲ.

ಅಪ್ಪನ ಮಾತ್ರೆ ಮುಗಿದಾಗ ಅವನು ಬರಲು ಒಪ್ಪದೆ ಅವ್ವನನ್ನೂ ನನ್ನನ್ನೂ ಕಳಿಸಿದ. ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ನರ್ಸಮ್ಮ ಇದ್ದರು. ಕಾಯಿಲೆಯವರು ಬರದೆ ಮಾತ್ರೆ ಹೇಗೆ ಕೊಡುವುದು ಎಂದು ಗೊಣಗುತ್ತ, ಬಂದದ್ದು ಬಂದೆಯಲ್ಲ ನೀನಾದರೂ ಕೂತ್ಕೊ ಎಂದು ಅವ್ವನ ತೋಳಿಗೆ ಪಟ್ಟಿ ಸುತ್ತಿದರು. ಅವ್ವನಿಗೆ ನಾಚಿಕೆ. ರವಿಕೆಯ ತೋಳನ್ನು ಕೆಳಗೆಳೆದುಕೊಳ್ಳುತ್ತಲೇ ಇದ್ದಳು. ಪಾದರಸ ಅಪ್ಪನಿಗೆ ನಿಂತ ಜಾಗ ದಾಟಿ ಮೇಲೆ ಹೋಯಿತು. ನರ್ಸಮ್ಮ ಗಾಳಿ ಬಿಟ್ಟು ಮತ್ತೆ ಅದುಮಿದರು. ಮತ್ತೆ ಅಲ್ಲಿಗೇ ಹೋಯಿತು. ಅವರು ಎದ್ದು ಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಈ ಸಲ ಹೆಚ್ಚು ಪ್ರಶ್ನೆ ಕೇಳಲಿಲ್ಲ. ತಲೆ ಸುತ್ತುತ್ತದೆಯೇ ಎಂದರು. ಬ್ಯಾರನ್ ಕೆಲಸ ಅಲ್ವಾ ಸ್ವಾಮಿ, ಸೊಪ್ಪು ತಲೆಗೆ ಹತ್ತುತ್ತದೆ ಎಂದಳು ಅವ್ವ. ಅವರು ನನ್ನ ಕಡೆ ತಿರುಗಿ, ನಿಮ್ಮ ತಾಯಿಗೆ ನಿಮ್ಮ ತಂದೆಗಿಂತ ಜಾಸ್ತಿ ಇದೆ, ನಾಳೆಯೇ ನಿಮ್ಮ ತಂದೆಯನ್ನು ಕರೆದುಕೊಂಡು ಬಾ, ಇವರು ಬೆಂಕಿಯ ಮುಂದೆ ನಿಲ್ಲಬಾರದು, ಉಪ್ಪು ಬಿಡಬೇಕು, ಮಾತ್ರೆ ತಪ್ಪಬಾರದು ಎಂದು ನಿಧಾನವಾಗಿ, ಅರ್ಥವಾಯಿತೇ ಎಂದು ಕೇಳಿ ಕೇಳಿ ಹೇಳಿದರು. ಅರ್ಥವಾಯಿತು ಎಂದೆ. ನಾನು ಆಗ ಎಂಟನೆಯ ತರಗತಿ. ಅರ್ಥವಾಗದೆ ಇರುವಂಥ ಮಾತು ಅದರಲ್ಲಿ ಯಾವುದೂ ಇರಲಿಲ್ಲ.

ಬಸ್ಸಿನಲ್ಲಿ ಅವ್ವ ಅಪ್ಪನ ಮಾತ್ರೆ, ತನ್ನ ಮಾತ್ರೆ ಎರಡೂ ಪೊಟ್ಟಣಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಮ್ಮ ನಿಲ್ದಾಣ ಹತ್ತಿರ ಬಂದಾಗ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಮನೇಲಿ ಯೋಳ್ಬ್ಯಾಡ ಕಣ್ಲಾ ಮಗ. ಒಂದ್ ಮನೇಲಿ ಎಲ್ರೂಗೂ ಬೀಪಿ ಬಂದ್ರೆ ಬ್ಯಾರನ್ ನೋಡೋರ್ಯಾರು?"

ಅವಳು ಹಾಗೆ ಹೇಳಿದರೂ ನಾನು ಹೇಳಿದೆ. ಅದನ್ನು ಮುಚ್ಚಿಟ್ಟೆನೆಂಬ ಪಾಪ ನನ್ನ ಮೇಲಿಲ್ಲ. ಮೊದಲು ಅಜ್ಜಿಗೆ ಹೇಳಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟಳು. ದನಿ ಎತ್ತದ ಹೆಂಗಸಿಗೆ, ಹಂಚಿಕಡ್ಡಿಯಂತಿರುವವಳಿಗೆ ಎಲ್ಲಿಯ ಬಿಪಿ. ಅದು ಮೈತುಂಬಿದ, ಕೋಪವಿರುವ ಗಂಡಸರಿಗೆ ಬರುವ ಕಾಯಿಲೆ. ಮೆಶಿನ್ನು ಕೆಟ್ಟಿರಬೇಕು ಎಂದಳು. ಆಮೇಲೆ ಹುಣಸೆಮರದ ಕೆಳಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಬೈಯಲಿಲ್ಲ. ಒಂದು ಗಳಿಗೆ ಬ್ಯಾರನ್ ಕಡೆ ನೋಡಿದ. ಅವ್ವ ಒಲೆಯ ಬಾಯಿಗೆ ಒಂದು ದಿಮ್ಮಿ ತಳ್ಳುತ್ತಿದ್ದಳು.

"ಬ್ಯಾರನ್ ಮುಗೀಲಿ ಕಣ್ಲಾ. ಆಮ್ಯಾಕೆ ಮೈಸೂರ್ಗೇ ಕರ್ಕೊಂಡೋಗಿ ದೊಡ್ಡಾಸ್ಪತ್ರೇಲಿ ತೋರ್ಸನ."

ಮೋಸದ ಮಾತಲ್ಲ ಅದು. ಅಪ್ಪ ಮನಸ್ಸಿಟ್ಟೇ ಹೇಳಿದ್ದ. ನನಗೂ ಭಾರ ಇಳಿದಂತಾಯಿತು. ಹೇಳಬೇಕಾದವರಿಗೆ ಹೇಳಿದ್ದಾಯಿತು, ದೊಡ್ಡವರು ನೋಡಿಕೊಳ್ಳುತ್ತಾರೆ ಎಂದುಕೊಂಡು ಗೋಲಿ ಆಡಲು ಓಡಿದೆ. ಅವ್ವ ತನ್ನ ಮಾತ್ರೆಗಳನ್ನು ಅಪ್ಪನ ಡಬ್ಬಿಗೇ ಸುರಿದಿದ್ದಳು. ಒಂದೇ ಕಾಯಿಲೆ, ಅವರಿಗಾದರೂ ಇನ್ನೊಂದಿಷ್ಟು ದಿನ ಬರಲಿ ಎಂದು.

ಅದಾದ ಮೇಲೆ ಎರಡು ಸಲ ಸೊಪ್ಪು ಏರಿ ಇಳಿಯಿತು. ಭಾನುವಾರವಿರಬೇಕು, ನಾನು ಸ್ಕೂಲಿಗೆ ಹೋಗಿರಲಿಲ್ಲ. ಬೆಳಿಗ್ಗೆ ಹದ ನೋಡಲು ಒಳಗೆ ಹೋಗಿದ್ದ ಅವ್ವ ಬಾಗಿಲು ಬಗ್ಗಿ ಹೊರಬಂದವಳು ಗೋಡೆ ಹಿಡಿದು ನಿಂತಳು. ಹಣೆಗೆ ಕಟ್ಟಿದ್ದ ಬಟ್ಟೆ ಕಣ್ಣಿನ ಮೇಲೆ ಜಾರಿತ್ತು. ತಲೆ ಸುತ್ತುತ್ತಿದೆ ಎಂದಳು. ನಾನು ಡಾಕ್ಟರು ಹೇಳಿದ್ದನ್ನು ಮರೆತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಬ್ಯಾರನ್ನಿನಿಂದ ಬಂದವರಿಗೆ ತಲೆ ಸುತ್ತಿದರೆ ಏನು ಕೊಡಬೇಕೆಂದು ನನ್ನ ಕೈಗೆ ಗೊತ್ತಿತ್ತು. ಅವ್ವನಿಗೆಂದು ಗಟ್ಟಿ ಮಜ್ಜಿಗೆ ಬಗ್ಗಿಸಿಕೊಂಡೆ. ಬೇಗ ವಾಸಿಯಾಗಲೆಂದು ಉಪ್ಪಿನ ಗಡಿಗೆಗೆ ಕೈಹಾಕಿ ಒಂದು ಹಿಡಿ ಹೆಚ್ಚು ಹಾಕಿ, ಬೆರಳಿನಿಂದಲೇ ಕರಗಿಸಿ ಕೊಟ್ಟೆ. ಅವಳು ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು. ಪೂರ್ತಿ ಕುಡಿದಳು.

"ಚೆಂದಾಗದೆ ಕಣ್ಲಾ, ನನ್ ಮಗನೆ," ಎಂದಳು.

ನೆಟ್ಟಗೆ ಅವಳು ಆಡಿದ ಕೊನೆಯ ಮಾತು ಅದು. ಚಪ್ಪರದ ಕೆಳಗೆ ಹೋಗಿ ಬೊಮ್ಮಿಯ ಪಕ್ಕ ಕುಳಿತು ಎಲೆ ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಬೊಮ್ಮಿ ಏನೋ ತಮಾಷೆ ಹೇಳಿದಳು. ಅವ್ವ ನಗಲಿಲ್ಲ. ಅವಳ ಬಲಗೈಯಿಂದ ದಾರ ಜಾರಿತ್ತು. ಅದನ್ನು ಎತ್ತಿಕೊಳ್ಳಲು ಎಡಗೈ ಚಾಚುತ್ತ ಎಲೆಯ ರಾಶಿಯ ಮೇಲೆ ವಾಲಿದಳು. ಬೊಮ್ಮಿ ಕೂಗಿದ್ದಕ್ಕೆ ಅಪ್ಪ ಹುಣಸೆಮರದ ಕೆಳಗಿನಿಂದ ಓಡಿಬಂದ. ಅವನ ಬಾಯಿಂದ ಬಂದ ಮೊದಲ ಮಾತು, ಸೊಪ್ಪು ತಲೆಗೆ ಹತ್ತದೆ, ಮಜ್ಜಿಗೆ ತಾರ್ಲಾ. ನಾನು ಮತ್ತೆ ಗಡಿಗೆಯ ಹತ್ತಿರ ಓಡಿದೆ. ಈ ಸಲ ಮಜ್ಜಿಗೆ ಅವಳ ಬಾಯಿಯ ಒಂದು ಅಂಚಿನಿಂದ ಹೊರಗೆ ಹರಿಯಿತು.

ಅವ್ವ ಸಾಯಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಗೆ ಕೊನೆಗೂ ಹೋದಳು, ಬಾಡಿಗೆ ಜೀಪಿನಲ್ಲಿ ಮಲಗಿಕೊಂಡು. ಒಲೆಯಲ್ಲಿ ಬೆಂಕಿ ನೋಡುವವರಿಲ್ಲದೆ ಆ ಸಲದ ಸೊಪ್ಪೆಲ್ಲ ಕಪ್ಪಾಯಿತು. ತಿಂಗಳಾದ ಮೇಲೆ ಮನೆಗೆ ತಂದಾಗ ಬಲಗೈ, ಬಲಗಾಲು ಇರಲಿಲ್ಲ ಎಂದೇ ಹೇಳಬೇಕು. ಮಾತು ಹೋಗಿತ್ತು, ಒಂದು ಶಬ್ದದ ಹೊರತು. ಹಸಿವಾಯಿತೇ ಎಂದರೂ ಆಯ್ತು, ನೋವೇ ಎಂದರೂ ಆಯ್ತು, ನಾನು ಯಾರು ಎಂದು ಕೇಳಿದರೂ ಆಯ್ತು. ಬೇಡ ಎನ್ನಲೂ ಅವಳಿಗಿದ್ದುದು ಅದೊಂದೇ ಮಾತು. ದನಿಯ ಏರಿಳಿತದಿಂದ ನಾವು ಅರ್ಥ ಮಾಡಿಕೊಳ್ಳಬೇಕಿತ್ತು. ನನ್ನನ್ನು ನೋಡಿ ಕಣ್ಣು ತುಂಬಿ ಆಯ್ತು, ಆಯ್ತು ಎನ್ನುತ್ತಿದ್ದಳು. ಅದರ ಅರ್ಥ ನನಗೆ ಈ ವಯಸ್ಸಿಗೂ ಗೊತ್ತಾಗಿಲ್ಲ.

ಅಪ್ಪನ ಕೋಪ ಎಲ್ಲಿಗೆ ಹೋಯಿತೋ. ಕಂಬಕ್ಕೆ ಈಗ ಅವ್ವನನ್ನು ಒರಗಿಸಿ, ಎದುರಿಗೆ ತಾನು ಕುಳಿತು ತುತ್ತು ಮಾಡಿ ಬಾಯಿಗಿಡುತ್ತಿದ್ದ. ಅಟ್ಟದ ಮೇಲಿದ್ದ ಸಣ್ಣ ಕುಡಿಕೆ ಕೆಳಗಿಳಿದು ಬಂದಿತ್ತು. ಉಪ್ಪಿಲ್ಲದ ಸಾರಿಗೆ ಅವ್ವ ಮುಖ ತಿರುಗಿಸುತ್ತಿದ್ದಳು. ಜೀವಮಾನವೆಲ್ಲ ಪಾತ್ರೆಯ ತಳ ತಿಂದ ನಾಲಿಗೆ ಅದು. ಅಪ್ಪ ಮಗುವನ್ನು ಪುಸಲಾಯಿಸುವಂತೆ ಪುಸಲಾಯಿಸುತ್ತಿದ್ದ, ಕಾಗೆ ತೋರಿಸುತ್ತಿದ್ದ, ದೇವರ ಹೆಸರು ಹೇಳುತ್ತಿದ್ದ. ಒಂದು ಮಧ್ಯಾಹ್ನ ಅವಳು ಏನು ಮಾಡಿದರೂ ಬಾಯಿ ತೆರೆಯಲಿಲ್ಲ. ಅಪ್ಪ ಬಹಳ ಹೊತ್ತು ತಟ್ಟೆ ಹಿಡಿದು ಕುಳಿತಿದ್ದ. ಆಮೇಲೆ ಎದ್ದು ಅಡಿಗೆಮನೆಗೆ ಹೋಗಿ, ಎರಡು ಹರಳು ಉಪ್ಪು ತಂದು ಸಾರಿಗೆ ಹಾಕಿ ಕಿವುಚಿದ. ಅವ್ವ ಗಬಗಬನೆ ತಿಂದಳು. ಅಪ್ಪ ತಿನ್ನಿಸುತ್ತ ಅಳುತ್ತಿದ್ದ. ಬಾಗಿಲ ಬಳಿ ನಾನಿದ್ದೇನೆಂದು ತಿಳಿದೂ ಕಣ್ಣೊರೆಸಿಕೊಳ್ಳಲಿಲ್ಲ. ಹೀಗೆ ಕೆಲವು ವರ್ಷ ಇದ್ದು ಅವ್ವ ಹೋದಳು. ಊರಿಗೆಲ್ಲ ಬಿಪಿ ತೋರಿಸಿದ ಅಪ್ಪ ಬೀಡಿ ಬಿಟ್ಟು, ಮಾತ್ರೆ ನುಂಗುತ್ತ, ನನ್ನ ಮಗಳ ಮದುವೆಯ ಊಟ ಉಂಡು, ಮುಪ್ಪಾಗಿ ತೀರಿಕೊಂಡ.

ನನಗೂ ನಡುವಯಸ್ಸು ದಾಟುವ ಮೊದಲೇ ಬಿಪಿ ಬಂತು. ತೋಳಿಗೆ ಪಟ್ಟಿ ಸುತ್ತಿಸಿಕೊಂಡ ದಿನ ನಾನು ಆ ಡಾಕ್ಟರಿಗೆ ಮಜ್ಜಿಗೆಯ ಕಥೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಅವರು ಹುಡುಗರು, ಒಳ್ಳೆಯವರು. ಒಂದು ಚೊಂಬು ಮಜ್ಜಿಗೆಯಿಂದ ಯಾರಿಗೂ ಲಕ್ವ ಹೊಡೆಯುವುದಿಲ್ಲ, ಅದು ವರ್ಷಗಟ್ಟಲೆ ಒಳಗೇ ಸೇರಿಕೊಳ್ಳುವ ಕಾಯಿಲೆ, ನಿಮ್ಮದೇನೂ ತಪ್ಪಿಲ್ಲ ಎಂದರು. ಹಾಗಾದರೆ ವರ್ಷಗಟ್ಟಲೆ ಆ ಗಡಿಗೆಗೆ ಉಪ್ಪು ಹಾಕಿದವನೂ ನಾನೇ ಎಂದೆ. ಅವರು ಚೀಟಿ ಬರೆದು ನನ್ನ ಕೈಗಿಟ್ಟರು. ಆಮೇಲೆ ಉಪ್ಪು ಕಮ್ಮಿ ಮಾಡಿ ಎಂದರು, ನಾನು ತಲೆಯಾಡಿಸಿದೆ. ಆದರೂ ಒಣಮೀನು ಸುಡುವ ವಾಸನೆ ಬಂದರೆ ಕಾಲು ತಾನಾಗಿ ಅಡಿಗೆಮನೆಯ ಕಡೆ ಹೋಗುತ್ತದೆ. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ. ಇಷ್ಟೆಲ್ಲ ಕಂಡ ಮೇಲೂ ನನ್ನ ನಾಲಿಗೆ ಬುದ್ಧಿ ಕಲಿತಿಲ್ಲ.

ನನಗೆ ಒಬ್ಬಳೇ ಮಗಳು, ಸವಿತ. ಅಳಿಯ ಮಹೇಶ ನಮ್ಮ ಮನೆಗೇ ಬಂದು ಬೇಸಾಯ ಹಿಡಿದ. ಒಳ್ಳೆಯ ಹುಡುಗ, ದನಿ ಎತ್ತಿದವನಲ್ಲ. ಹಳೆಯ ಮಣ್ಣಿನ ಬ್ಯಾರನ್ ಕೆಡವಿ ಇಟ್ಟಿಗೆಯದು ಕಟ್ಟಿಸಿದ್ದಾನೆ. ಬಾಗಿಲ ಪಕ್ಕ ಮಣ್ಣಿನ ಗಡಿಗೆಯ ಜಾಗದಲ್ಲಿ ನಲ್ಲಿಯಿರುವ ಪ್ಲಾಸ್ಟಿಕ್ ಡ್ರಮ್ಮು ಬಂದಿದೆ. ಮುದುಕರಿಗೂ ಮಕ್ಕಳಿಗೂ ಹೇಳುವ ಕೆಲಸ ಒಂದೇ. ಮಜ್ಜಿಗೆಯ ಕೆಲಸ ತಿರುಗಿ ನನ್ನ ಪಾಲಿಗೆ ಬಂದಿದೆ. ಈ ವರ್ಷದ ಮೊದಲ ಸೊಪ್ಪು ಏರಿದ ವಾರ ಆಶಾ ಕಾರ್ಯಕರ್ತೆ ಬಿಪಿ ನೋಡುವ ಪುಟ್ಟ ಯಂತ್ರ ತಂದು ಜಗಲಿಯ ಮೇಲೆ ನನ್ನ ತೋಳು ಹಿಡಿದಳು. ಸವಿತ ಅವಳಿಗೆ ಟೀ ತಂದಳು. ಮಗಳ ಹಣೆಗೆ ಒಂದು ಬಟ್ಟೆ ಕಟ್ಟಿತ್ತು. ನಾನು ಅದನ್ನು ನೋಡಿದೆ. ಇವಳಿಗೂ ಕಟ್ಟು ತಾಯಿ ಎಂದೆ. ಸವಿತ ನನಗೇನಾಗಿದೆ, ಕೈಯೆಲ್ಲ ಸೊಪ್ಪಿನ ಅಂಟು ಎಂದು ಹಿಂದೆ ಸರಿದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಯಂತ್ರ ಗುಂಯ್‌ಗುಟ್ಟಿ ನಿಂತಿತು. ಆಶಾ ಅಂಕಿ ಹೇಳಲಿಲ್ಲ. ಒಂದು ನಿಮಿಷ ಸುಮ್ಮನೆ ಕೂತ್ಕೊಳ್ಳಕ್ಕ ಎಂದು ಮತ್ತೊಮ್ಮೆ ಒತ್ತಿದಳು. ಆಮೇಲೆ, ನಾಳೆಯೇ ಆಸ್ಪತ್ರೆಗೆ ಹೋಗಿ ತೋರಿಸಿ, ತಡ ಮಾಡಬೇಡಿ ಎಂದಳು. ಅವಳು ಗೇಟು ದಾಟಿದ ಮೇಲೆ ಸವಿತ ಲೋಟ ಎತ್ತಿಕೊಳ್ಳುತ್ತ ನನ್ನ ಮುಖ ನೋಡದೆ ಹೇಳಿದಳು:

"ಅವ್ರಿಗೆ ಹೇಳ್ಬ್ಯಾಡ ಕಣಪ್ಪ. ಸೊಪ್ಪೆಲ್ಲ ಹಣ್ಣಾಗದೆ, ಸುಮ್ಕೆ ತಲೆ ಕೆಡಿಸ್ಕೊತಾರೆ."

ಮಹೇಶನಿಗೆ ನಾನು ಅಂದೇ ಹೇಳಿದೆ. ಅವ್ವನ ಕಥೆಯನ್ನೂ ಹೇಳಿದೆ, ಮಜ್ಜಿಗೆಯದನ್ನೂ ಬಿಡದೆ ಹೇಳಿದೆ. ಅವನ ಮುಖ ಸಪ್ಪಗಾಯಿತು. ಹೆಂಡತಿಯ ಕಡೆ ಒಮ್ಮೆ, ಬ್ಯಾರನ್ ಕಡೆ ಒಮ್ಮೆ ನೋಡಿದ. ಆ ನೋಟ ನಾನು ಹಿಂದೆ ಕಂಡಿದ್ದೆ.

"ಕರ್ಕೊಂಡೋಯ್ತೀನಿ ಮಾವ, ಖಂಡಿತ. ಇದೊಂದ್ ಬ್ಯಾರನ್ ಇಳೀಲಿ."

ಕಿರುಚಬೇಕಿತ್ತೇನೋ. ಈ ಮನೆಯಲ್ಲಿ ಕಿರುಚಿದವರ ಕಾಯಿಲೆ ಮಾತ್ರ ಕಾಣುತ್ತದೆ ಎಂದು ಹೇಳಬೇಕಿತ್ತೇನೋ. ಒಬ್ಬನೇ ಹೋಗಿ ಮಗಳನ್ನು ಬಸ್ಸು ಹತ್ತಿಸುವ ಶಕ್ತಿ ನನ್ನ ಮಂಡಿಗಿಲ್ಲ, ಅವಳು ಬರುವವಳೂ ಅಲ್ಲ. ಮಾರನೆಯ ಬೆಳಿಗ್ಗೆ ನನಗೆ ಮಾಡಲು ಉಳಿದದ್ದು ಒಂದೇ. ಡ್ರಮ್ಮಿಗೆ ಮಜ್ಜಿಗೆ ತುಂಬಿ, ನೀರು ಬೆರೆಸಿ, ಉಪ್ಪು ಹಾಕದೆ ಮುಚ್ಚಳ ಮುಚ್ಚಿದೆ. ಕೂಲಿಯ ಹುಡುಗರು ಕುಡಿದು ಉಗಿದರು. ಉಪ್ಪೇ ಇಲ್ವಲ್ಲಾ ತಾತ, ಇಷ್ಟು ಬೆವರು ಸುರಿಸಿರುವವರು ಬಿದ್ದು ಹೋಗಲೇ ಎಂದ ಒಬ್ಬ. ಅವನು ಹೇಳಿದ್ದೂ ಸುಳ್ಳಲ್ಲ. ಉಪ್ಪಿನ ಡಬ್ಬಿ ತಂದು ಬೇಕಾದವರು ಹಾಕಿಕೊಳ್ಳಿ ಎಂದು ಪಕ್ಕಕ್ಕಿಟ್ಟೆ.

ಸವಿತ ಬ್ಯಾರನ್ನಿನ ಬಾಗಿಲು ಬಗ್ಗಿ ಹೊರಬಂದಳು. ಮುಖ ಕೆಂಡದಂತಿತ್ತು. ನಾನು ಚೊಂಬು ತುಂಬಿ ಕೊಟ್ಟೆ. ಒಂದು ಗುಟುಕು ಕುಡಿದು ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ನಾನು ಡಬ್ಬಿಯ ಮೇಲೆ ಕೈಯಿಟ್ಟೆ. ಹಾಗೇ ಕುಡಿಯವ್ವ, ಇವತ್ತು ಒಳಗೆ ಹೋಗಬೇಡ, ಇಲ್ಲೇ ನೆರಳಿನಲ್ಲಿ ಕೂತ್ಕೊ ಎಂದೆ. ಅವಳು ಮಜ್ಜಿಗೆಯನ್ನು ಪೂರ್ತಿ ಕುಡಿದಳು. ಚೊಂಬನ್ನು ನನ್ನ ಕೈಗಿಟ್ಟು, ನನ್ನ ಸಮಾಧಾನಕ್ಕೆಂದು ನಕ್ಕಳು.

"ಆಯ್ತು," ಎಂದಳು.

ಹಣೆಯ ಬಟ್ಟೆ ಬಿಗಿ ಮಾಡಿಕೊಂಡು ಮತ್ತೆ ಬಗ್ಗಿ ಒಳಗೆ ಹೋದಳು.